ಟರ್ಕಿ ಬೇಟೆಗೆ ಯಾವ ತೋಟಾ ಒಳ್ಳೆಯದು?

ಪ್ರಶ್ನೆ: ನನ್ನೂರು ಮಡಿಕೇರಿ ಹತ್ತಿರ, ಈಗ ಎಚ್-1ಬಿ ವೀಸಾದಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿದ್ದೇನೆ. ಈ ಏಪ್ರಿಲ್‌ನಲ್ಲಿ ಪಕ್ಕದ ಮನೆಯವರ ಜೊತೆ ಮೊದಲ ಸಲ ಟರ್ಕಿ ಕೋಳಿ ಬೇಟೆಗೆ ಹೊರಟಿದ್ದೇನೆ. ಅವರೇ ತಮ್ಮ 12 ಗೇಜ್ ಪಂಪ್ ಕೋವಿ ಕೊಡುತ್ತಾರೆ, ನಳಿಗೆ ಮೇಲೆ ಮೂರು ಇಂಚು ಅಂತ ಬರೆದಿದೆ. ಅಂಗಡಿಯಲ್ಲಿ ಮೂರೂವರೆ ಇಂಚಿನ ಮ್ಯಾಗ್ನಮ್ ತಗೊಳ್ಳಿ ಅಂದರು. ಯೂಟ್ಯೂಬ್‌ನಲ್ಲಿ ನೋಡಿದರೆ ಟಿಎಸ್‌ಎಸ್ ಅನ್ನುವ ಟಂಗ್‌ಸ್ಟನ್ ಚರೆ (ತೋಟಾದೊಳಗಿನ ಸಣ್ಣ ಗುಂಡು) ಇದ್ದರೆ 60 ಗಜಕ್ಕೂ ಹೊಡೆಯಬಹುದು ಅಂತಾರೆ. ಪಕ್ಕದವರ ಹತ್ತಿರ ಬಾತುಕೋಳಿ ಬೇಟೆಯಲ್ಲಿ ಉಳಿದ ನಾಲ್ಕನೇ ನಂಬರಿನ ಸ್ಟೀಲ್ ತೋಟಾ ಇವೆ, ಅವನ್ನೇ ಬಳಸಬಹುದಾ? ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಸೀಸದ ಚರೆ ಹೊಡೆದ ಮಾಂಸ ತಿನ್ನಬಹುದಾ?

ಉತ್ತರ: ಮೊದಲು ಮೂರೂವರೆ ಇಂಚಿನ ವಿಷಯ ಮುಗಿಸೋಣ. ನಿಮ್ಮ ಕೋವಿಗೆ ಅದನ್ನು ಹಾಕಲೇಬೇಡಿ. ತೋಟಾ ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಗೂಡಿನೊಳಗೆ, ಕೂತುಬಿಡಬಹುದು, ಅದೇ ಇದರಲ್ಲಿರುವ ಅಪಾಯ. ತೋಟಾದ ಮೇಲೆ ಬರೆದಿರುವ ಉದ್ದ ಈಡು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ, ಹೊಸ ತೋಟಾದ ಬಾಯಿ ಮಡಚಿರುತ್ತದೆ, ಹಾಗಾಗಿ ನೋಡಲು ಗಿಡ್ಡ. ಮೂರು ಇಂಚಿನ ಚೇಂಬರಿನಲ್ಲಿ ಆ ಮಡಿಕೆ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಿಗುವುದಿಲ್ಲ. ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಅಂಗಡಿಯವರು ನಿಮ್ಮ ಕೋವಿ ಯಾವುದು ಅಂತ ಕೇಳಿರಲಿಕ್ಕಿಲ್ಲ. ಎರಡೂಮುಕ್ಕಾಲು ಅಥವಾ ಮೂರು ಇಂಚಿನದು ಮಾತ್ರ ತಗೊಳ್ಳಿ. ಪಕ್ಕದವರ ಮನೆಯಲ್ಲಿ 20 ಗೇಜ್ ಕೋವಿಯೂ (ಅದರ ನಳಿಗೆ 12ಕ್ಕಿಂತ ಸಣ್ಣದು) ಇದ್ದರೆ ಅದರ ತೋಟಾ ನಿಮ್ಮ ಜೇಬಿಗೆ ಬರದ ಹಾಗೆ ನೋಡಿಕೊಳ್ಳಿ. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ನಿಮ್ಮ ಕೋವಿ ಮೂರೂವರೆ ಇಂಚಿನದೇ ಆಗಿದ್ದರೂ ನಾನು ಅದನ್ನು ಹೇಳುತ್ತಿರಲಿಲ್ಲ. ಲೆಕ್ಕ ನೋಡಿ. ಮೂರು ಇಂಚಿನ ಟರ್ಕಿ ತೋಟಾದಲ್ಲಿ ಸಾಮಾನ್ಯವಾಗಿ ಒಂದೂಮುಕ್ಕಾಲು ಔನ್ಸ್ ಚರೆ ಇರುತ್ತದೆ. ಐದನೇ ನಂಬರಿನ ಸೀಸದ ಚರೆ ಔನ್ಸಿಗೆ ಸುಮಾರು 170 ಬರುತ್ತದೆ, ಅಂದರೆ ಒಟ್ಟು 297 ಆಸುಪಾಸು. ಮೂರೂವರೆಯಲ್ಲಿ ಎರಡು ಔನ್ಸ್ ಅಂದುಕೊಂಡರೆ 340. ಈ ನಲವತ್ತು ಚಿಲ್ಲರೆ ಚರೆಗಾಗಿ ಹೆಗಲಿಗೆ ಬೀಳುವ ಪೆಟ್ಟು ಸಿಕ್ಕಾಪಟ್ಟೆ ಜಾಸ್ತಿ. ಹೊಸಬರು ಒಂದೆರಡು ಈಡಿನಲ್ಲೇ ಆ ಪೆಟ್ಟಿಗೆ ಹೆದರಿ, ಕುದುರೆ (ಟ್ರಿಗರ್) ಎಳೆಯುವಾಗ ಕಣ್ಣು ಮುಚ್ಚಿ ನಳಿಗೆಯನ್ನು ಅಲ್ಲಾಡಿಸಲು ಶುರುಮಾಡುತ್ತಾರೆ. ಆಮೇಲೆ ಎಷ್ಟು ಚರೆ ಇದ್ದರೂ ಏನು ಉಪಯೋಗ?

ಈಗ ಹಕ್ಕಿಯ ಕಡೆ ಬರೋಣ. ತೋಟಾ ಆರಿಸುವ ವಿಷಯ ನಿಂತಿರುವುದೇ ಅದರ ಮೈಮೇಲೆ. ನಿಮ್ಮ ಕಡೆ ಇರುವುದು ಈಸ್ಟರ್ನ್ ಜಾತಿಯ ಕಾಡು ಟರ್ಕಿ. ಬೆಳೆದ ಹುಂಜ 8 ಕೆಜಿ, 10 ಕೆಜಿ ತೂಗುತ್ತದೆ. ಎದೆ ತುಂಬ ದಪ್ಪ ಮಾಂಸ, ಅದರ ಮೇಲೆ ಪದರ ಪದರ ರೆಕ್ಕೆಪುಕ್ಕ. ಅಲ್ಲಿಗೆ ಹೊಡೆದರೆ ಚರೆ ಮಾಂಸದಲ್ಲಿ ನಿಂತುಬಿಡುತ್ತದೆ, ಹಕ್ಕಿ ಓಡುತ್ತದೆ ಅಥವಾ ಹಾರುತ್ತದೆ, ಎಲ್ಲೋ ಪೊದೆಯಲ್ಲಿ ಎರಡು ದಿನ ನರಳಿ ಸಾಯುತ್ತದೆ. ಇದು ಆಗಬಾರದು. ಅದಕ್ಕೇ ಟರ್ಕಿಗೆ ತಲೆ ಮತ್ತು ಕತ್ತಿಗೆ ಮಾತ್ರ ಹೊಡೆಯುವುದು. ಮಿದುಳಿಗೋ ಬೆರಳು ದಪ್ಪದ ಕತ್ತಿನ ಮೂಳೆಗೋ ಎರಡು ಮೂರು ಚರೆ ಗಟ್ಟಿಯಾಗಿ ತಗುಲಿದರೆ ಹಕ್ಕಿ ನಿಂತಲ್ಲೇ ಬೀಳುತ್ತದೆ.

ಹಾಗಾದರೆ ತೋಟಾದಿಂದ ನಮಗೆ ಬೇಕಾಗಿರುವುದು ಎರಡು. ಆ ಸಣ್ಣ ಜಾಗಕ್ಕೆ ಖಂಡಿತ ತಗುಲುವಷ್ಟು ಚರೆ ಒತ್ತಾಗಿ ಹೋಗಬೇಕು, ಮತ್ತು ಹೋದ ಪ್ರತಿ ಚರೆಗೂ ಮೂಳೆ ಮುರಿಯುವ ಶಕ್ತಿ ಉಳಿದಿರಬೇಕು. ಇವೆರಡೂ ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಚರೆ ದಪ್ಪ ಆದಷ್ಟು ಶಕ್ತಿ ಜಾಸ್ತಿ, ಆದರೆ ತೋಟಾದಲ್ಲಿ ಹಿಡಿಸುವ ಸಂಖ್ಯೆ ಕಡಿಮೆ. ಸೀಸದಲ್ಲಿ ಔನ್ಸಿಗೆ ನಾಲ್ಕನೇ ನಂಬರ್ 135, ಐದು 170, ಆರು 225. ನಂಬರ್ ಏರಿದಷ್ಟು ಚರೆ ಸಣ್ಣದು ಅನ್ನುವುದು ನಿಮಗೆ ಊರಿನಿಂದಲೇ ಗೊತ್ತಿರುತ್ತದೆ. ಆದರೆ ಒಂದು ಎಚ್ಚರಿಕೆ: ನಮ್ಮೂರ 12 ಬೋರ್ ತೋಟಾಗಳ ನಂಬರ್ ಇಂಗ್ಲಿಷರ ಪದ್ಧತಿಯದು. ಅಲ್ಲಿನ ನಾಲ್ಕನೇ ನಂಬರ್ ಸುಮಾರು 3.1 ಮಿಲಿಮೀಟರ್, ಅದು ಅಮೆರಿಕದ ಐದಕ್ಕೆ ಹತ್ತಿರ. ಅಮೆರಿಕದ ನಾಲ್ಕು 3.3 ಮಿಲಿಮೀಟರ್.

ಬೇರೆ ಬೇರೆ ಲೋಹದ ಚರೆಗಳನ್ನು ಹೋಲಿಸಲು ನಾನು ಒಂದು ಸುಲಭ ಗುಣಾಕಾರ ಹೇಳಿಕೊಡುತ್ತೇನೆ. 17ರಿಂದ ಚರೆಯ ನಂಬರ್ ಕಳೆಯಿರಿ, ಅಷ್ಟು ನೂರನೇ ಒಂದು ಇಂಚು ಅದರ ವ್ಯಾಸ. ಐದನೇ ನಂಬರ್ ಅಂದರೆ 0.12 ಇಂಚು, 3.05 ಮಿಲಿಮೀಟರ್. ಆ ಮಿಲಿಮೀಟರ್ ಅಂಕಿಯನ್ನು ಲೋಹದ ಸಾಂದ್ರತೆಯಿಂದ ಗುಣಿಸಿ. ಚರೆಗೆ ಬಳಸುವ ಸೀಸ ಸುಮಾರು 11, ಸ್ಟೀಲ್ 7.8, ಬಿಸ್ಮತ್ 9.6, ಟಂಗ್‌ಸ್ಟನ್‌ನಿಂದ ಮಾಡಿದ ಟಿಎಸ್‌ಎಸ್ 18. ಬರುವ ಅಂಕಿ ಜಾಸ್ತಿ ಇದ್ದಷ್ಟು ಚರೆ ಗಾಳಿಯಲ್ಲಿ ವೇಗ ಉಳಿಸಿಕೊಳ್ಳುತ್ತದೆ, ಆಳಕ್ಕೂ ಇಳಿಯುತ್ತದೆ. ಗಾಳಿ ತಡೆಯುವುದು ಚರೆಯ ಮುಖವನ್ನು, ಮುಂದೆ ತಳ್ಳುವುದು ಅದರ ತೂಕ, ಗುಂಡಗಿನ ವಸ್ತುವಿನಲ್ಲಿ ಈ ಎರಡರ ಲೆಕ್ಕ ಕೊನೆಗೆ ವ್ಯಾಸ ಮತ್ತು ಸಾಂದ್ರತೆಗೇ ಬಂದು ನಿಲ್ಲುತ್ತದೆ. ಎಲ್ಲವೂ ಒಂದೇ ವೇಗದಲ್ಲಿ ಹೊರಟರೆ ಅನ್ನುವ ಲೆಕ್ಕ ಇದು, ಅಷ್ಟು ನೆನಪಿರಲಿ.

ಗುಣಿಸಿ ನೋಡಿ. ಸೀಸದ ನಾಲ್ಕಕ್ಕೆ 36, ಐದಕ್ಕೆ 34, ಆರಕ್ಕೆ 31. ಬಿಸ್ಮತ್ ನಾಲ್ಕು 32, ಅಂದರೆ ಸೀಸದ ಆರಕ್ಕಿಂತ ಸ್ವಲ್ಪ ಮೇಲೆ. ಪಕ್ಕದವರ ಸ್ಟೀಲ್ ನಾಲ್ಕು? ಬರೀ 26. ಸೀಸದ ಎಂಟನೇ ನಂಬರಿನ ಹತ್ತಿರ ಹತ್ತಿರ, ಅದು ಅಭ್ಯಾಸಕ್ಕೆ ಗಾಳಿಯಲ್ಲಿ ಹಾರಿಸುವ ಮಣ್ಣಿನ ಬಿಲ್ಲೆ ಹೊಡೆಯುವ ಚರೆ. ಈಗ ಟಿಎಸ್‌ಎಸ್ ಒಂಬತ್ತು ನೋಡಿ, ಎರಡು ಮಿಲಿಮೀಟರಿನ ಪುಟ್ಟ ಚರೆ, ಅದಕ್ಕೆ 36ಕ್ಕೂ ಮೇಲೆ! ಸೀಸದ ನಾಲ್ಕನ್ನು ಸರಿಗಟ್ಟುತ್ತದೆ. ಅದೂ ಔನ್ಸಿಗೆ 360ಕ್ಕಿಂತ ಜಾಸ್ತಿ. ಒಂದೂಮುಕ್ಕಾಲು ಔನ್ಸಿನಲ್ಲಿ ಸೀಸದ ನಾಲ್ಕು 236 ಬಂದರೆ ಇದು 600 ದಾಟುತ್ತದೆ. ಟಿಎಸ್‌ಎಸ್ ಬಗ್ಗೆ ಇಷ್ಟು ಗಲಾಟೆ ಸುಮ್ನೆ ಎದ್ದದ್ದಲ್ಲ. ಮೊದಲೆಲ್ಲ ತಾವೇ ತೋಟಾ ತುಂಬಿಕೊಳ್ಳುವವರು ಮಾತ್ರ ಇದನ್ನು ಬಳಸುತ್ತಿದ್ದರು, 2018ರಲ್ಲಿ ಫೆಡರಲ್ ಕಂಪನಿ ಹೆವಿವೇಟ್ ಟಿಎಸ್‌ಎಸ್ ಅಂತ ಅಂಗಡಿಗೆ ತಂದ ಮೇಲೆ 20 ಗೇಜ್, ಕಡೆಗೆ ಪುಟ್ಟ .410 ಕೋವಿ ಹಿಡಿದವರೂ ನಂಬಿಕೆಯಿಂದ ಟರ್ಕಿ ಹೊಡೆಯುವ ಹಾಗಾಯಿತು. ಹೆಗಲಿಗೆ ಪೆಟ್ಟು ತಡೆಯದ ಮಕ್ಕಳಿಗೆ, ವಯಸ್ಸಾದವರಿಗೆ ಇದರಿಂದ ನಿಜಕ್ಕೂ ಉಪಕಾರ ಆಗಿದೆ.

ಸ್ಟೀಲ್ ತೋಟಾ ವಿಷಯ ಇಲ್ಲಿಗೇ ಬಿಡಿ. ಅದು ನೀರುಹಕ್ಕಿಗೆ ಮಾಡಿದ್ದು. ಬಾತುಕೋಳಿ ಬೇಟೆಗೆ 1991ರಿಂದ ಅಮೆರಿಕದಲ್ಲೆಲ್ಲ ಸೀಸ ನಿಷೇಧ, ಹಾಗಾಗಿ ಅಲ್ಲಿ ಸ್ಟೀಲ್ ಬಳಸುತ್ತಾರೆ. ಟರ್ಕಿಗೆ ಹಾಕುವ ಬಿಗಿ ಚೋಕ್‌ನೊಳಗೆ (ಚರೆ ಒತ್ತಾಗಿ ಹೋಗಲು ನಳಿಗೆಯ ತುದಿಯನ್ನು ಕಿರಿದು ಮಾಡುವ ಕೊಳವೆ) ಸ್ಟೀಲ್ ಹೊಡೆದರೆ ಚೋಕ್ ಉಬ್ಬಬಹುದು, ನಳಿಗೆಯೂ ಹಾಳಾಗಬಹುದು. ಬಹಳಷ್ಟು ಟರ್ಕಿ ಚೋಕ್‌ಗಳ ಮೇಲೆ ಸ್ಟೀಲ್ ಬೇಡ ಅಂತಲೇ ಕೆತ್ತಿರುತ್ತಾರೆ. ಟಿಎಸ್‌ಎಸ್ ಅದಕ್ಕಿಂತಲೂ ಗಟ್ಟಿ. ತೋಟಾದೊಳಗೆ ಚರೆಯನ್ನು ಹಿಡಿದಿರುವ ದಪ್ಪ ಬಟ್ಟಲು, ಅಂದರೆ ವ್ಯಾಡ್, ನಳಿಗೆಯನ್ನು ಕಾಪಾಡುತ್ತದೆ, ಆದರೂ ಚೋಕ್ ಮಾಡಿದವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರಾ ಅಂತ ನೋಡಿಯೇ ಹೊಡೆಯಿರಿ. ಅಜ್ಜನ ಕಾಲದ ಹಳೇ ಕೋವಿಗೆ ಎರಡೂ ಬೇಡ.

ಹಾಗಾದರೆ 60 ಗಜ? ನಾನು ಒಪ್ಪುವುದಿಲ್ಲ. ಚರೆಗೆ ಅಷ್ಟು ದೂರದಲ್ಲೂ ಶಕ್ತಿ ಇರಬಹುದು, ಆದರೆ ಅಷ್ಟು ದೂರ ಹೋಗುವಷ್ಟರಲ್ಲಿ ಚರೆಗುಂಪು ಹರಡಿ ನಡುವೆ ತೂತು ಬಿದ್ದಿರುತ್ತದೆ. ನಳಿಗೆ ಕೂದಲಷ್ಟು ಆಚೀಚೆ ಆದರೂ ಕತ್ತಿನ ಬದಲು ಮೈಗೆ ಬೀಳುತ್ತದೆ. ಹಕ್ಕಿ ಒಂದು ಹೆಜ್ಜೆ ಇಟ್ಟರೂ ಅಷ್ಟೇ. ಜೊತೆಗೆ ಕಾಡಿನಲ್ಲಿ ದೂರ ಅಂದಾಜು ಮಾಡುವುದು ಕಷ್ಟ, 45 ಅಂದುಕೊಂಡದ್ದು ಅಳೆದರೆ 58 ಇರುತ್ತದೆ. ಹಳಬರು 40 ಗಜ ಅಂತ ಗೆರೆ ಎಳೆದದ್ದಕ್ಕೆ ಅರ್ಥ ಇದೆ. ಅದು ಸುಮಾರು 37 ಮೀಟರ್. ಮೊದಲ ವರ್ಷ ನೀವು 30 ಗಜದೊಳಗೇ ಹೊಡೆಯಿರಿ ಅನ್ನುವುದು ನನ್ನ ಸಲಹೆ. ಟರ್ಕಿ ಬೇಟೆಯ ಸೊಗಸೇ ಹುಂಜವನ್ನು ಕೂಗಿ ಕೂಗಿ ಹತ್ತಿರ ಕರೆಯುವುದರಲ್ಲಿದೆ. ಅದು ಗಂಟಲು ಬಿಟ್ಟು ಗಾಬಲ್ ಅಂತ ಕೂಗು ಹಾಕುತ್ತಾ, ಎಲೆ ತುಳಿದುಕೊಂಡು ಒಂದೊಂದೇ ಹೆಜ್ಜೆ ಹತ್ತಿರವಾಗುವಾಗ ನಿಮ್ಮ ಎದೆಬಡಿತ ನಿಮಗೇ ಕೇಳಿಸುತ್ತದೆ. 60 ಗಜದಲ್ಲೇ ಹೊಡೆದರೆ ಇದೆಲ್ಲ ಸಿಗುವುದೇ ಇಲ್ಲ.

ನನ್ನ ಮುಖ್ಯ ಮಾತು ಈಗ ಬರುತ್ತದೆ. ಯಾವ ಡಬ್ಬದ ಮೇಲೆ ಏನೇ ಬರೆದಿರಲಿ, ನಿಮ್ಮ ಕೈಲಿರುವ ಕೋವಿ, ಅದರ ಚೋಕ್, ಆ ತೋಟಾ, ಈ ಮೂರೂ ಸೇರಿ ಏನು ಮಾಡುತ್ತವೆ ಅನ್ನುವುದು ಕಾಗದದ ಮೇಲೆ ಹೊಡೆದು ನೋಡುವವರೆಗೆ ಯಾರಿಗೂ ಗೊತ್ತಿಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಕೋವಿಗಳು ಒಂದೇ ತೋಟಾವನ್ನು ಬೇರೆ ಬೇರೆ ಥರ ಉಗುಳುತ್ತವೆ. ಚೋಕ್ ಬಿಗಿಯಾದಷ್ಟು ಒಳ್ಳೆಯದು ಅನ್ನುವುದೂ ಸುಳ್ಳು. ವಿಂಚೆಸ್ಟರ್‌ನವರ ಲಾಂಗ್ ಬಿಯರ್ಡ್ ಎಕ್ಸ್‌ಆರ್ ತೋಟಾದಲ್ಲಿ ತಾಮ್ರ ಲೇಪಿಸಿದ ಸೀಸದ ಚರೆಯ ನಡುವೆ ರಾಳ ಸುರಿದು ಗಟ್ಟಿ ಮಾಡಿರುತ್ತಾರೆ, ಹಾರುವಾಗ ಆ ರಾಳ ಪುಡಿಯಾಗಿ ಚರೆಯ ಆಕಾರ ಕೆಡದಂತೆ ಕಾಯುತ್ತದೆ. ಇಂಥ ತೋಟಾ ತೀರಾ ಬಿಗಿ ಚೋಕ್‌ಗಿಂತ ಸ್ವಲ್ಪ ಸಡಿಲದ್ದರಲ್ಲಿ ಚೆನ್ನಾಗಿ ಹೋಗುವುದುಂಟು.

ಹೀಗೆ ಮಾಡಿ. ಅಗಲವಾದ ಕಂದು ಕಾಗದದ ಸುರುಳಿ ತಗೊಂಡು, ಮೂರಡಿ ತುಂಡು ಹಲಗೆಗೆ ಅಂಟಿಸಿ, ನಡುವೆ ಕಪ್ಪು ಚುಕ್ಕೆ ಇಡಿ. ಮೊದಲು ಅಗ್ಗದ ಹಗುರ ತೋಟಾ ಹಾಕಿ 20 ಗಜದಿಂದ ಕೂತು, ಕೋವಿಯನ್ನು ಚೀಲದ ಮೇಲಿಟ್ಟು ಹೊಡೆಯಿರಿ. ಚರೆಗುಂಪಿನ ನಡು ಚುಕ್ಕೆಯ ಮೇಲೇ ಇದೆಯಾ ಅಂತ ನೋಡುವುದಕ್ಕೆ ಅಷ್ಟು ಸಾಕು, ಹೆಗಲೂ ಉಳಿಯುತ್ತದೆ. ಆಮೇಲೆ ಟರ್ಕಿ ತೋಟಾ ಹಾಕಿ 20, 30, 40 ಗಜಕ್ಕೆ ಬೇರೆ ಬೇರೆ ಕಾಗದದ ಮೇಲೆ ಹೊಡೆಯಿರಿ. ಪ್ರತಿ ಕಾಗದದಲ್ಲೂ ಚರೆ ಒತ್ತಾಗಿರುವ ಕಡೆ ಹತ್ತು ಇಂಚಿನ ವೃತ್ತ ಎಳೆದು ಒಳಗಿನ ತೂತುಗಳನ್ನು ಪೆನ್ನಿಂದ ಗುರುತು ಹಾಕುತ್ತಾ ಎಣಿಸಿ. 100 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಬೇಟೆಗಾರರು ಬಹಳ ಕಾಲದಿಂದ ಇಟ್ಟುಕೊಂಡಿರುವ ಅಳತೆ ಇದು. ಎಲ್ಲಿಯವರೆಗೆ 100 ಬರುತ್ತದೋ ಅಲ್ಲಿಯವರೆಗೆ ನಿಮ್ಮ ದೂರ. 40ಕ್ಕೆ 70 ಬಂದರೆ ನಿಮ್ಮ ಕೋವಿ 40 ಗಜದ ಕೋವಿ ಅಲ್ಲ, ಅಷ್ಟೇ, ಅದಕ್ಕೆ ಬೇಜಾರು ಬೇಡ. ಬರೀ ಎಣಿಸಿ ಬಿಡಬೇಡಿ, ವೃತ್ತದೊಳಗೆ ಅಂಗೈಯಷ್ಟು ಜಾಗ ಖಾಲಿ ಇದೆಯಾ ನೋಡಿ. ಟರ್ಕಿಯ ಕತ್ತು ಆ ಖಾಲಿಯಲ್ಲೇ ನಿಂತುಬಿಡಬಹುದು. ಒಂದು ಕಾಗದ ನಂಬಬೇಡಿ, ಅದೇ ದೂರಕ್ಕೆ ಮತ್ತೊಮ್ಮೆ ಹೊಡೆದು ಹೋಲಿಸಿ.

ಹತ್ತು ಗಜಕ್ಕೂ ಒಂದು ಹೊಡೆದು ನೋಡಿ. ಬಿಗಿ ಚೋಕ್‌ನಲ್ಲಿ ಆ ದೂರಕ್ಕೆ ಚರೆಗುಂಪು ಮುಷ್ಟಿಯಷ್ಟೇ ಇರುತ್ತದೆ, ಅದನ್ನು ನೋಡಿದ ಮೇಲೆ ಹಕ್ಕಿ ತೀರಾ ಹತ್ತಿರ ಬಂದಾಗಲೂ ಯಾಕೆ ತಪ್ಪುತ್ತದೆ ಅಂತ ಅರ್ಥ ಆಗುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದ ಅಭ್ಯಾಸ ಇದ್ದರೆ ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾರುವ ಹಕ್ಕಿಗೆ ಕೋವಿ ಬೀಸಿದ ಹಾಗಲ್ಲ ಇದು, ಕೆನ್ನೆಯನ್ನು ಹಿಡಿಗೆ ಒತ್ತಿ ಗುರಿ ಇಟ್ಟು ನಿಧಾನಕ್ಕೆ ಕುದುರೆ ಎಳೆಯುವುದು. ಹಕ್ಕಿ ನೋಡುವ ಆಸೆಗೆ ತಲೆ ಮೇಲೆತ್ತಿದರೆ ಈಡು ಮೇಲೆ ಹೋಗುತ್ತದೆ, ಟರ್ಕಿ ತಪ್ಪಲು ದೊಡ್ಡ ಕಾರಣ ಅದೇ. ಗುರಿ ಇಡಬೇಕಾದ್ದು ತಲೆಯ ತುದಿಗಲ್ಲ, ಕತ್ತಿನ ನಡುಭಾಗಕ್ಕೆ. ಹುಂಜ ಬಾಲ ಬಿಚ್ಚಿ ಮೈ ಉಬ್ಬಿಸಿಕೊಂಡಾಗ ಕತ್ತು ಒಳಗೆ ಮಡಚಿರುತ್ತದೆ, ಆಗ ಬೇಡ. ಬಾಯಲ್ಲಿ ಒಂದು ಸಣ್ಣ ಟಕ್ ಶಬ್ದ ಮಾಡಿ, ಏನದು ಅಂತ ಕತ್ತು ಉದ್ದ ಮಾಡುತ್ತದೆ. ಆಗ ಹೊಡೆಯಿರಿ.

ಈಗ ನಿಮಗೆ ಏನು ಕೊಳ್ಳಲಿ ಅನ್ನುವುದಕ್ಕೆ ನೇರ ಉತ್ತರ. ಮೂರು ಇಂಚಿನ, ತಾಮ್ರ ಲೇಪದ ಸೀಸದ ಐದನೇ ನಂಬರ್ ಒಂದು ಡಬ್ಬ, ಆರನೇ ನಂಬರ್ ಒಂದು ಡಬ್ಬ. ಸೀಸದ ಟರ್ಕಿ ತೋಟಾ ಅಗ್ಗ, ಟಿಎಸ್‌ಎಸ್ ಅದರ ಹಲವು ಪಟ್ಟು ದುಬಾರಿ. ಅಷ್ಟು ದುಬಾರಿ ತೋಟಾವನ್ನು ಕಾಗದಕ್ಕೆ ಹೊಡೆಯಲು ಮನಸ್ಸು ಬಾರದೆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ, ಅದರ ಬದಲು ಸೀಸದ್ದನ್ನು ನಾಲ್ಕಾರು ಸಲ ಹೊಡೆದು ತಿಳಿದುಕೊಂಡವರು ಕಾಡಿನಲ್ಲಿ ಚೆನ್ನಾಗಿ ಹೊಡೆಯುತ್ತಾರೆ. 30 ಗಜದೊಳಗೆ ಸೀಸದ ಐದನೇ ನಂಬರಿಗೆ ಏನೂ ಕೊರತೆ ಇಲ್ಲ. ಆದರೆ ಮಕ್ಕಳ ಊಟದ ಪ್ರಶ್ನೆ ಕೇಳಿದ್ದೀರಿ, ಅದು ಈ ಉತ್ತರವನ್ನು ಬದಲಿಸುತ್ತದೆ. ಕೊನೆಗೆ ಹೇಳುತ್ತೇನೆ.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದು ಸಣ್ಣದಲ್ಲ. ಎಚ್-1ಬಿಯಂಥ ವೀಸಾದಲ್ಲಿ ಬಂದವರು ಅಮೆರಿಕದಲ್ಲಿ ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಕೇಂದ್ರ ಕಾನೂನು. ಅದಕ್ಕಿರುವ ವಿನಾಯಿತಿಗಳಲ್ಲಿ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಒಂದು. ಎರವಲು ಕೋವಿಗೂ ಇದೇ ನಿಯಮ. ಹಾಗಾಗಿ ಮೊದಲು ಪರ್ಮಿಟ್ (ಮಿಸ್ಸೌರಿಯಲ್ಲಿ ಬೇಟೆ ಲೈಸೆನ್ಸಿಗೆ ಹೇಳುವುದು ಹೀಗೆ), ಆಮೇಲೆ ತೋಟಾ, ಆಮೇಲೆ ಕಾಗದಕ್ಕೆ ಹೊಡೆಯುವುದು. ಲೈಸೆನ್ಸಿನ ಅವಧಿ ಮುಗಿದರೆ ಆ ವಿನಾಯಿತಿಯೂ ಮುಗಿಯಿತು, ತಾರೀಖು ನೋಡಿಕೊಂಡಿರಿ, ಅನುಮಾನ ಇದ್ದರೆ ಇಮಿಗ್ರೇಶನ್ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಮಿಸ್ಸೌರಿಯಲ್ಲಿ 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಪರ್ಮಿಟ್ ಪಡೆಯಲು ಸಾಮಾನ್ಯವಾಗಿ ಹಂಟರ್ ಎಜುಕೇಶನ್ ತರಬೇತಿ ಮುಗಿಸಿರಬೇಕು. ಅಲ್ಲಿ ನಾಲ್ಕನೇ ನಂಬರಿಗಿಂತ ದಪ್ಪ ಚರೆ ಟರ್ಕಿಗೆ ಬಳಸುವಂತಿಲ್ಲ, ಕೋವಿಯಲ್ಲಿ ಚೇಂಬರ್ ಸೇರಿ ಮೂರಕ್ಕಿಂತ ಹೆಚ್ಚು ತೋಟಾ ಇರಬಾರದು, ವಸಂತದ ಬೇಟೆಯಲ್ಲಿ ಹುಂಜ ಅಥವಾ ಎದೆಯಲ್ಲಿ ಗಡ್ಡ (ಕೂದಲಿನಂಥ ಪುಕ್ಕದ ಗೊಂಚಲು) ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬೇಕು. ಕೆಲವು ಸರ್ಕಾರಿ ಬೇಟೆ ಜಾಗಗಳಲ್ಲಿ ಸೀಸದ ಚರೆ ನಿಷೇಧ ಇದೆ, ಹೋಗುವ ಜಾಗದ ನಿಯಮ ಓದಿ. ಈ ವರ್ಷದ ನಿಯಮ ಪುಸ್ತಕ ಮಿಸ್ಸೌರಿ ಕನ್ಸರ್ವೇಶನ್ ಇಲಾಖೆಯಲ್ಲಿ ಪುಕ್ಕಟೆ ಸಿಗುತ್ತದೆ. ಬೇರೆ ರಾಜ್ಯಕ್ಕೆ ಹೋದರೆ ಲೆಕ್ಕವೇ ಬೇರೆ, ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸ ಬಳಸುವಂತಿಲ್ಲ.

ಬಟ್ಟೆಯಲ್ಲಿ, ಕರ್ಚೀಫಿನಲ್ಲಿ, ಕಾಲುಚೀಲದಲ್ಲೂ ಕೆಂಪು, ಬಿಳಿ, ನೀಲಿ ಬೇಡ. ಹುಂಜದ ತಲೆಯ ಬಣ್ಣಗಳೂ ಅವೇ. ಸುತ್ತ ಇರುವ ಬೇರೆ ಬೇಟೆಗಾರರೂ ಎಲೆಬಣ್ಣದ ಬಟ್ಟೆ ಹಾಕಿ ಅಡಗಿರುತ್ತಾರೆ. ಗಾಬಲ್ ಕೇಳಿದ ಕಡೆ ನುಸುಳಿಕೊಂಡು ಹೋಗಬೇಡಿ, ಅಲ್ಲಿ ಇನ್ನೊಬ್ಬ ಮನುಷ್ಯ ಕೂತಿರಬಹುದು. ಹೆಗಲಿಗಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಇಡೀ ಹಕ್ಕಿ, ಅದರ ಗಡ್ಡ, ಅದರ ಹಿಂದೇನಿದೆ, ಇಷ್ಟೂ ಸ್ಪಷ್ಟವಾಗಿ ಕಾಣದೆ ಸೇಫ್ಟಿ ತೆಗೆಯಬೇಡಿ.

ತೋಟಾ ಕೊಳ್ಳುವಾಗ ಇದೂ ಗೊತ್ತಿರಲಿ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಪ್ರತಿ ತೋಟಾ ಡಬ್ಬದ ಮೇಲೆ ಶೇ. 11 ತೆರಿಗೆ ಇದೆ, ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. 1950ರ ದಶಕದ ಶುರುವಿನಲ್ಲಿ ಮಿಸ್ಸೌರಿಯಲ್ಲಿ ಉಳಿದಿದ್ದ ಕಾಡು ಟರ್ಕಿ 2,500ಕ್ಕೂ ಕಡಿಮೆ. ಉಳಿದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು, ಬೇರೆ ಬೇರೆ ಕಾಡಿಗೆ ಬಿಟ್ಟು, ಕಾದು, 1960ರಲ್ಲಿ ಮತ್ತೆ ಬೇಟೆ ಶುರುಮಾಡಿದರು. ನೀವು ಹೊಡೆಯಲು ಹೊರಟಿರುವ ಹುಂಜದ ಹಿಂದೆ ಇಷ್ಟು ಕೆಲಸ ಇದೆ. ಒಂದನ್ನೂ ಗಾಯ ಮಾಡಿ ಕಳೆದುಕೊಳ್ಳಬಾರದು ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಇನ್ನು ಮಕ್ಕಳ ಊಟ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟು ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಕತ್ತಿಗೆ ಹೊಡೆದಾಗ ಎದೆಮಾಂಸಕ್ಕೆ ಹೆಚ್ಚು ಚರೆ ಬೀಳುವುದಿಲ್ಲ ನಿಜ, ಆದರೂ ಅಂಚಿನ ನಾಲ್ಕಾರು ಚರೆ ಎದೆಯ ಮೇಲ್ಭಾಗಕ್ಕೋ ರೆಕ್ಕೆಯ ಬುಡಕ್ಕೋ ಹೊಕ್ಕಿರುತ್ತವೆ. ದೊಡ್ಡವರು ಎಚ್ಚರದಿಂದ ಶುಚಿ ಮಾಡಿ ತಿನ್ನುತ್ತಾರೆ. ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ನಾನಾಗಿದ್ದರೆ ಕಾಗದದ ಅಭ್ಯಾಸವನ್ನು ಸೀಸದಲ್ಲಿ ಮಾಡಿ, ಬೇಟೆಗೆ ಟಿಎಸ್‌ಎಸ್ ಒಂಬತ್ತರ ಐದು ತೋಟಾದ ಒಂದು ಡಬ್ಬ ಕೊಳ್ಳುತ್ತಿದ್ದೆ. ಅದರಲ್ಲಿ ಎರಡನ್ನು ಕಾಗದಕ್ಕೆ ಹೊಡೆದು ಗುರಿ ಮತ್ತು ಒತ್ತು ನೋಡಿ, ಮೂರನ್ನು ಕಾಡಿಗೆ. ಅಷ್ಟು ಖರ್ಚು ಬೇಡ ಅಂದರೆ ಬಿಸ್ಮತ್ ನಾಲ್ಕು ತಗೊಂಡು ದೂರವನ್ನು ಇನ್ನಷ್ಟು ಕಡಿಮೆ ಮಾಡಿ, 25 ಗಜ ಸಾಕು.

ಟಂಗ್‌ಸ್ಟನ್ ಚರೆ ಹಲ್ಲಿಗೆ ಸಿಕ್ಕರೆ ಹಲ್ಲು ಒಡೆಯುತ್ತದೆ. ಮಾಂಸ ತುಂಡು ಮಾಡುವಾಗ ಕಪ್ಪು ರಕ್ತ ಹೆಪ್ಪುಗಟ್ಟಿದ ಗೆರೆ ಕಂಡರೆ, ಅಥವಾ ಪುಕ್ಕದ ಎಳೆ ಮಾಂಸದೊಳಗೆ ಎಳೆದುಕೊಂಡು ಹೋದದ್ದು ಕಂಡರೆ, ಅದೇ ಚರೆ ಹೋದ ದಾರಿ. ಅದರ ಕೊನೆಯವರೆಗೆ ಚಾಕು ಹಾಕಿ ಚರೆ ತೆಗೆಯಿರಿ, ಸುತ್ತಲಿನ ಮಾಂಸವನ್ನೂ ಕೊಯ್ದು ಎಸೆಯಿರಿ. ಎದೆಮಾಂಸ ತೆಳ್ಳಗೆ ಹೆಚ್ಚಿ ಮೆಣಸು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಹುರಿದರೆ ಬೇಗ ಬೇಯುತ್ತದೆ, ಮಕ್ಕಳಿಗೆ ಕೊಡುವುದಾದರೆ ಅದನ್ನೇ ಕೊಡಿ. ತೊಡೆ ಕಾಲು ಗಟ್ಟಿ, ನರ ಜಾಸ್ತಿ, ಕುಕ್ಕರಿನಲ್ಲಿ ಹೆಚ್ಚು ಹೊತ್ತು ಬೇಯಿಸಿ ಸಾರಿಗೆ ಹಾಕಿ.